14416ಕ್ಕೆ ಫೋನೋ, ಕಾರವಾರದ ಸಖಿ ಕೇಂದ್ರವೋ?

ಶಿರಸಿ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಕೇಳಿದ್ದಾರೆ: ಮನೆಯಲ್ಲಿ ಹೊಡೆತ ತಿಂದವಳಿಗೆ ಯಾವ ದಾರಿ ತೋರಿಸಲಿ?

14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ; ಸಖಿ, ದೌರ್ಜನ್ಯಕ್ಕೊಳಗಾದ ಹೆಣ್ಣುಮಕ್ಕಳಿಗೆ ಸರ್ಕಾರದ ನೆರವು ಕೇಂದ್ರ. ಎರಡೂ ಉಚಿತ. ಆದರೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿಬರಲು ಇಡೀ ದಿನ ಬೇಕು, ಮನೆಯವರಿಗೆ ಉತ್ತರವನ್ನೂ ಕೊಡಬೇಕು. ಟೆಲಿ ಮಾನಸ್‌ನ 14416 ಹಗಲು ರಾತ್ರಿ ಕನ್ನಡದಲ್ಲೇ ಸಿಗುತ್ತದೆ. ನಿದ್ದೆಯಿಲ್ಲದೆ, ಬಾಗಿಲು ಸದ್ದಾದರೂ ಬೆಚ್ಚಿಬೀಳುವವಳಿಗೆ ಮೊದಲು ಇದೇ ಸರಿ. ಅವಳ ಫೋನನ್ನು ಗಂಡ ತಡಕಾಡುತ್ತಾನಾದರೆ ನಿಮ್ಮ ಫೋನಿನಿಂದ ಮಾಡಿಸಿ.

ಇವತ್ತು ರಾತ್ರಿ ಮಲಗಲು ಸುರಕ್ಷಿತ ಜಾಗವೇ ಇಲ್ಲವೆಂದರೆ ಫೋನು ಸಾಲದು. ಸಖಿಯಲ್ಲಿ ಚಿಕಿತ್ಸೆ, ಪೊಲೀಸ್, ವಕೀಲರ ನೆರವು ಒಂದೇ ಕಡೆ. 5 ದಿನದವರೆಗೆ ತಂಗಬಹುದು. ನಡೆದದ್ದನ್ನು ಹತ್ತು ಕಡೆ ಹೇಳಿ ಮತ್ತೆ ಮತ್ತೆ ನೋಯುವುದು ಕಡಿಮೆಯಾಗುತ್ತದೆ. ಹೊರಡುವ ಮುನ್ನ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಯಾವುದೆಂದು ಅವಳೇ ಹೇಳಲಿ, ಒತ್ತಾಯ ಬೇಡ. ಇಂಥದ್ದನ್ನೆಲ್ಲ ಕೇಳಿ ನಿಮ್ಮ ಎದೆ ಭಾರವಾದರೆ ಅದೇ 14416 ನಿಮಗೂ ಇದೆ.