ಮಳೆಗಾಲದಲ್ಲಿ ಸೈಕಲ್ ಫ್ರೇಮಿಗೆ ಬಣ್ಣ ಹೊಡೆಯಬೇಡಿ, ಒಲೆ ಹತ್ತಿರವಂತೂ ಬೇಡವೇ ಬೇಡ

ಕಳೆದ ವರ್ಷ ಕಕ್ಕಡ ತಿಂಗಳಲ್ಲಿ, ಅಂದರೆ ಕೊಡಗಿನಲ್ಲಿ ಮಳೆ ಜೋರಾಗಿರುವ ಜುಲೈ-ಆಗಸ್ಟ್ ಹೊತ್ತಿಗೆ, ನಮ್ಮ ಬಚ್ಚಲು ಮನೆಗೆ ಬೆಂಕಿ ಹತ್ತಿಕೊಂಡಿತು. ಹಳೇ ಸೈಕಲ್ ಫ್ರೇಮಿಗೆ ಬಣ್ಣ ಹೊಡೆಯುತ್ತಿದ್ದೆ. ನನ್ನ ಬಲಗೈಯ ಮೂರು ಬೆರಳು ಸುಟ್ಟವು. ಪಕ್ಕದಲ್ಲೇ ಅಕ್ಕನ ಹನ್ನೆರಡು ವರ್ಷದ ಮಗ ನಿಂತಿದ್ದ. ಪುಣ್ಯಕ್ಕೆ ಅವನಿಗೆ ಏನೂ ಆಗಲಿಲ್ಲ. ಈಗಲೂ ಅದನ್ನು ನೆನೆದರೆ ಎದೆ ಝಲ್ ಅನ್ನುತ್ತದೆ.

ಸೈಕಲ್ ಅಪ್ಪನದು. ಸುಂಟಿಕೊಪ್ಪದ ಹತ್ತಿರ ಒಂದು ತೋಟದಲ್ಲಿ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಆಗಿದ್ದಾಗ ತೆಗೆದುಕೊಂಡದ್ದು. 22 ಇಂಚಿನ ಕಪ್ಪು ಸೈಕಲ್, ಉಕ್ಕಿನ ಫ್ರೇಮು. ಪೈಪುಗಳ ಉದ್ದಕ್ಕೂ ಕೈಯಲ್ಲೇ ಎಳೆದ ಸಣ್ಣ ಬಂಗಾರದ ಬಣ್ಣದ ಗೆರೆ. ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಆದರೆ ಫ್ರೇಮು ಗಟ್ಟಿಯಾಗಿತ್ತು. ಹುಡುಗ ಹೈಸ್ಕೂಲಿಗೆ ಅದರಲ್ಲೇ ಹೋಗುತ್ತೇನೆ ಅಂದ. ನೀಲಿ ಬಣ್ಣ ಬೇಕು ಅಂತಲೂ ಅಂದ. ಆ ವಾರ ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದರು. ತೋಟದಲ್ಲೂ ಕೆಲಸ ನಿಂತಿತ್ತು. ಮನೆಯಲ್ಲಿ ಸುಮ್ನೆ ಕೂತಿದ್ದೇವಲ್ಲ, ಈಗಲೇ ಮಾಡಿ ಮುಗಿಸೋಣ ಅಂತ ಶುರು ಮಾಡಿದೆವು. ಎಲ್ಲ ತಪ್ಪಿನ ಬೇರು ಅದೇ. ನಮಗೆ ಪುರುಸೊತ್ತು ಸಿಗುವ ಕಾಲವೇ ಬಣ್ಣ ಒಣಗದ ಕಾಲ.

ಮೊದಲು ಹಳೇ ಬಣ್ಣ ಉಜ್ಜಿದೆವು. ಹೊರಗೆ ಮಳೆ, ಹಾಗಾಗಿ ಜಗಲಿಯಲ್ಲೇ ಕೂತು 80 ನಂಬರಿನ ಎಮರಿ ಪೇಪರ್ (ಉಜ್ಜುವ ಕಾಗದ) ಹಿಡಿದು ನೀರು ಹಾಕದೆ ಒಣಗಿದ್ದನ್ನೇ ಉಜ್ಜಿದೆವು. ಜಗಲಿ ತುಂಬ ಕಪ್ಪು ಧೂಳು. ಹುಡುಗನ ಮೂಗಿನೊಳಗೂ ಅದೇ. ಹಳೇ ಬಣ್ಣದಲ್ಲಿ ಸೀಸ ಇರಬಹುದು ಅನ್ನುವುದು ಆಗ ನನ್ನ ತಲೆಗೆ ಬರಲಿಲ್ಲ. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅಪ್ಪನ ಸೈಕಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಸೀಸದ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ಹಳೇ ಫ್ರೇಮು ಉಜ್ಜುವವರು ವಾಟರ್ ಪೇಪರ್ ತೆಗೆದುಕೊಂಡು, ನೀರು ಹಾಕಿಯೇ ಉಜ್ಜಿ. ಆ ಕೆಲಸಕ್ಕೆ ಮಕ್ಕಳನ್ನು ಕೂರಿಸಬೇಡಿ.

ಸಂಜೆ ಹೊತ್ತಿಗೆ ಕಬ್ಬಿಣ ಬೆಳ್ಳಗೆ ಹೊಳೆಯಿತು. ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳದ ಕೋಟು) ನಾಳೆ ಹೊಡೆಯೋಣ ಅಂತ ಮಲಗಿದೆವು. ಬೆಳಿಗ್ಗೆ ನೋಡಿದರೆ ಫ್ರೇಮಿನ ತುಂಬ ಕಿತ್ತಳೆ ಬಣ್ಣದ ತೆಳು ತುಕ್ಕು. ಕಕ್ಕಡದ ಗಾಳಿ ಗೊತ್ತಲ್ವಾ, ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಬರುತ್ತದೆ. ಬರೀ ಉಕ್ಕು ಒಂದು ರಾತ್ರಿಯೂ ತಡೆಯುವುದಿಲ್ಲ. ನಾನು ಬಟ್ಟೆಯಲ್ಲಿ ಒರೆಸಿ, ಅದರ ಮೇಲೆಯೇ ರೆಡ್ ಆಕ್ಸೈಡ್ ಪ್ರೈಮರ್ ಬಳಿದೆ. ತುಕ್ಕು ಒಳಗೇ ಉಳಿಯಿತು.

ಒಣಗಲಿ ಅಂತ ಫ್ರೇಮನ್ನು ಬಚ್ಚಲು ಮನೆಯಲ್ಲಿ ಹಂಡೆ ಒಲೆಯ ಮೇಲ್ಗಡೆ ನೇತು ಹಾಕಿದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವುದೂ ನಾವು ಅಲ್ಲೇ. ಮಾರನೇ ದಿನ ಮುಟ್ಟಿ ನೋಡಿದೆ, ಬೆರಳಿಗೆ ಅಂಟಲಿಲ್ಲ. ಒಣಗಿತು ಅಂದುಕೊಂಡೆ. ಮೇಲಿನ ಪದರ ಮಾತ್ರ ಒಣಗಿತ್ತು, ಒಳಗೆ ಇನ್ನೂ ಮೆತ್ತಗಿತ್ತು. ಇದನ್ನು ದಯವಿಟ್ಟು ನೆನಪಿಡಿ. ರೆಡ್ ಆಕ್ಸೈಡಿನಂಥ ಎಣ್ಣೆ ಬಣ್ಣ ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅಂಟದೇ ಇರುವುದು ಬೇರೆ, ಗಟ್ಟಿಯಾಗುವುದು ಬೇರೆ. ಉಗುರು ಒತ್ತಿದರೆ ಗುರುತು ಬೀಳುತ್ತದೆ ಅಂದರೆ ಇನ್ನೂ ಆಗಿಲ್ಲ ಅಂತಲೇ ಅರ್ಥ.

ನೀಲಿ ಸ್ಪ್ರೇ ಡಬ್ಬಿ ಪೇಟೆಯ ಒಂದು ಅಂಗಡಿಯಲ್ಲಿ ತಂದಿದ್ದೆ. "ರೆಡ್ ಆಕ್ಸೈಡ್ ಮೇಲೆ ಹೊಡೀಬಹುದಾ?" ಅಂತ ಕೇಳಿಯೇ ತಂದದ್ದು. "ಯಾವುದರ ಮೇಲೆ ಬೇಕಾದ್ರೂ ಹೊಡೀರಿ ಸಾರ್, ಏನೂ ಆಗಲ್ಲ" ಅಂದಿದ್ದರು. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ನಾನು ಓದಲಿಲ್ಲ.

ಹೊಡೆದ ಸ್ವಲ್ಪ ಹೊತ್ತಿಗೆ ನೀಲಿ ಬಣ್ಣದ ಮೇಲೆ ಹಾಲಿನಂಥ ಬಿಳಿ ಮಬ್ಬು ಕವಿಯಿತು. ಸ್ಪ್ರೇಯಲ್ಲಿರುವ ಥಿನ್ನರ್ (ಬಣ್ಣ ತೆಳು ಮಾಡುವ ದ್ರವ) ಬೇಗ ಆರುತ್ತದೆ. ಆರುವಾಗ ಆ ಜಾಗವನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ನೀರಿನಂಶ ಜಾಸ್ತಿ ಇದ್ದರೆ ಅದು ಬಣ್ಣದ ಮೇಲೆ ಇಬ್ಬನಿಯ ಹಾಗೆ ಕೂರುತ್ತದೆ. ಆ ಮಬ್ಬು ಅದೇ. ನೋಡುತ್ತಿದ್ದ ಹಾಗೆ ಅದಕ್ಕಿಂತ ದೊಡ್ಡದು ಶುರುವಾಯಿತು. ಕಾದ ಹಾಲಿನ ಕೆನೆ ಸುಕ್ಕಾಗುತ್ತದಲ್ಲ, ಹಾಗೇ ಬಣ್ಣವೆಲ್ಲ ಸುಕ್ಕಾಗಿ ಎದ್ದಿತು. ಸ್ಪ್ರೇಯ ಖಾರ ಥಿನ್ನರ್ ಕೆಳಗಿನ ಮೆತ್ತನೆ ರೆಡ್ ಆಕ್ಸೈಡನ್ನು ತಿಂದು ಎಬ್ಬಿಸಿತ್ತು.

ಕೆಟ್ಟದ್ದನ್ನು ಅಲ್ಲೇ ಒರೆಸಿಬಿಡೋಣ ಅಂತ ಒಂದು ಮಗ್ಗಿಗೆ ಥಿನ್ನರ್ ಸುರಿದು ನೆಲದ ಮೇಲೆ ಇಟ್ಟೆ. ಒಲೆಯಲ್ಲಿ ಉರಿ ಇರಲಿಲ್ಲ. ಕೆಂಡ ಇತ್ತು, ಒಂದು ಸೌದೆಯ ತುದಿ ಹೊಗೆಯಾಡುತ್ತಿತ್ತು. ಒಲೆಗೂ ಮಗ್ಗಿಗೂ ನಾಲ್ಕೈದು ಅಡಿ ದೂರ. ಅಷ್ಟು ದೂರ ಸಾಕು ಅಂದುಕೊಂಡಿದ್ದೆ.

ಸಾಲುವುದಿಲ್ಲ. ಥಿನ್ನರಿನ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆಯೇ ಹರಿದುಕೊಂಡು ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮಳೆ ಒಳಗೆ ಬರದಿರಲಿ ಅಂತ ಬಾಗಿಲನ್ನೂ ಮುಚ್ಚಿದ್ದೆವು. ಒಲೆ ಬಾಯಿಯಿಂದ ನೀಲಿ ಉರಿಯೊಂದು ನೆಲ ಹಿಡಿದು ಓಡಿ ಬಂದದ್ದು ನೋಡಿದೆ. ಮಗ್ಗು ಭಗ್ ಅಂತ ಹತ್ತಿತು, ಆಮೇಲೆ ನನ್ನ ಕೈಯಲ್ಲಿದ್ದ ಬಟ್ಟೆ. ಹುಡುಗನನ್ನು ಬಾಗಿಲಿನಿಂದ ಹೊರಗೆ ನೂಕಿದೆ. ಅಮ್ಮ ಹೊಸ್ತಿಲಲ್ಲಿ ಕಾಲೊರೆಸಲು ಹಾಕಿದ್ದ ಒದ್ದೆ ಗೋಣಿ ಚೀಲವನ್ನೇ ಎತ್ತಿ ಮಗ್ಗಿನ ಮೇಲೆ ಹಾಕಿದರು. ಉರಿ ಆರಿತು. ಹಂಡೆ ನೀರು ಸುರಿಯಲು ಹೋಗಿದ್ದೆ, ಅಮ್ಮ ಬಿಡಲಿಲ್ಲ. ಸುರಿದಿದ್ದರೆ ಥಿನ್ನರ್ ನೀರಿನ ಮೇಲೆ ತೇಲಿ ಉರಿ ಇನ್ನೂ ಹರಡಬಹುದಿತ್ತು. ಆಮೇಲೆ ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಸಿದರು. ಯಾರೋ ಟೂತ್‌ಪೇಸ್ಟ್ ಹಚ್ಚಿ ಅಂದರು, ಅದನ್ನೂ ತಡೆದರು. ಆಸ್ಪತ್ರೆಯಲ್ಲಿ ಡಾಕ್ಟರು ನೀರು ಬಿಟ್ಟು ಬೇರೇನೂ ಹಚ್ಚದಿದ್ದದ್ದು ಒಳ್ಳೆಯದಾಯಿತು ಅಂದರು.

ನಾನು ಮುಖಕ್ಕೆ ಕಟ್ಟಿದ್ದು ಬಟ್ಟೆ ಮಾಸ್ಕು. ಅದು ಧೂಳಿಗೇ ಅಷ್ಟಕ್ಕಷ್ಟೆ, ಥಿನ್ನರ್ ಆವಿಗಂತೂ ಏನೇನೂ ಸಾಲದು. ಎರಡು ದಿನ ತಲೆನೋವು ಬಿಡಲಿಲ್ಲ. ಹಾರ್ಡ್ನರ್ (ಗಟ್ಟಿ ಮಾಡುವ ದ್ರವ) ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣ ತುಂಬ ಗಟ್ಟಿ ಅಂತ ಕೆಲವರು ಹೇಳುತ್ತಾರೆ, ಅದು ನಿಜವೇ. ಆದರೆ ಆ ಹಾರ್ಡ್ನರಿನಲ್ಲಿ ಐಸೊಸೈನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಉಸಿರಿಗೆ ಹೋದರೆ ಅಸ್ತಮಾ ಬರಬಹುದು. ಮನೆಯಲ್ಲಿ ಅದರ ಸಹವಾಸ ಬೇಡ. ಕಾರಿಗೆ ಬಣ್ಣ ಹೊಡೆಯುವವರ ಹತ್ತಿರ ಕೊಡಿ.

ಫ್ರೇಮನ್ನು ಹಾಗೇ ಅಟ್ಟಕ್ಕೆ ಹಾಕಿದೆ. ಕಾಫಿ ಕೊಯ್ಲು ಮುಗಿಯುವ ತನಕ ಮುಟ್ಟಲಿಲ್ಲ. ಬಿಸಿಲಿದೆ ಅಂತ ಕಣದ ಪಕ್ಕ ಬಣ್ಣ ಹೊಡೆಯಲೂ ಹೋಗಬೇಡಿ, ಒಣಗುತ್ತಿರುವ ಕಾಫಿ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ನಮ್ಮ ಕಡೆ ಈ ಕೆಲಸಕ್ಕೆ ಸರಿಯಾದ ಕಾಲ ಅಂದರೆ ಕಾಫಿಯೆಲ್ಲ ಚೀಲಕ್ಕೆ ಹೋದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆ ಬರುವ ಮುಂಚೆ ಸಿಗುವ ಕೆಲವೇ ವಾರ. ಅದರಲ್ಲೂ ಬೆಳಿಗ್ಗೆ ಮಂಜು ಹರಿದು ಕಬ್ಬಿಣ ಬೆಚ್ಚಗಾದ ಮೇಲೆ. ಹನ್ನೊಂದರಿಂದ ಮೂರು ಗಂಟೆ ಅಂತ ನಾನು ಲೆಕ್ಕ ಇಟ್ಟುಕೊಂಡೆ.

ಫೆಬ್ರವರಿಯಲ್ಲಿ ಅಂಗಳದಲ್ಲೇ ಮಾಡಿದೆ. 120, ಆಮೇಲೆ 220 ನಂಬರಿನ ವಾಟರ್ ಪೇಪರಿನಲ್ಲಿ ಎಲ್ಲ ಕಿತ್ತು, ಬಿಸಿಲಲ್ಲಿ ಒಣಗಿಸಿ, ಗ್ಲೌಸ್ ಹಾಕಿಕೊಂಡು ಥಿನ್ನರಿನಲ್ಲಿ ಒರೆಸಿದೆ. ಬರಿಗೈಯ ಎಣ್ಣೆ ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ಪೆಡಲ್ ಆಕ್ಸಲ್ ಕೂರುವ ಜಾಗದ ತಿರುಪಿನ ಗೆರೆಗಳಿಗೆ ಟೇಪು ಅಂಟಿಸಿದೆ, ಅಲ್ಲಿ ಬಣ್ಣ ಹೋದರೆ ಬೇರಿಂಗ್ ಕೂರುವ ಬಟ್ಟಲನ್ನು ತಿರುಗಿಸಿ ಕೂರಿಸಲು ಆಗುವುದಿಲ್ಲ. ಅದೇ ದಿನ ತೆಳ್ಳಗೆ ರೆಡ್ ಆಕ್ಸೈಡ್. ಮೂರು ದಿನ ಬಿಟ್ಟು ಎನಾಮೆಲ್, ಬ್ರಷ್ಷಿನಲ್ಲೇ. ಎಣ್ಣೆ ಬಣ್ಣದ ಮೇಲೆ ಎಣ್ಣೆ ಬಣ್ಣ, ಹಾಗಾಗಿ ಸುಕ್ಕಾಗುವ ಭಯ ಕಡಿಮೆ. ಮೂರು ತೆಳು ಕೋಟು, ಒಂದೊಂದರ ನಡುವೆ ಒಂದೂವರೆ ದಿನ, 400 ನಂಬರ್ ವಾಟರ್ ಪೇಪರಿನಲ್ಲಿ ಹಗುರ ಉಜ್ಜು. ಆಮೇಲೆ ಮೂರು ವಾರ ಯಾರಿಗೂ ಮುಟ್ಟಲು ಬಿಡಲಿಲ್ಲ.

ಈ ಮಳೆಗಾಲಕ್ಕೆ ಬಣ್ಣ ಎದ್ದಿಲ್ಲ. ಆದರೂ ನಿಜ ಹೇಳಬೇಕು, ಕಲ್ಲು ಬಡಿದ ಎರಡು ಕಡೆ ಚಕ್ಕೆ ಹೋಗಿದೆ. ಬಹುಕಾಲ ಬಾಳಬೇಕು ಅನ್ನುವವರು ಉಕ್ಕಿನ ಫ್ರೇಮನ್ನು ಬರಿದು ಮಾಡಿ ಮೈಸೂರಿನಂಥ ಊರಿಗೆ ಕಳಿಸಿ ಪೌಡರ್ ಕೋಟಿಂಗ್ ಮಾಡಿಸಿ. ಪುಡಿ ಬಣ್ಣ ಹಾಕಿ ಸುಮಾರು 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಅಷ್ಟು ಗಟ್ಟಿ ಮನೆಯಲ್ಲಿ ಬರುವುದಿಲ್ಲ.

ಹುಡುಗ ನೀಲಿ ಸೈಕಲ್ಲಿನಲ್ಲೇ ಶಾಲೆಗೆ ಹೋಗುತ್ತಿದ್ದಾನೆ. ಅಪ್ಪ ಏನೂ ಬೈಯಲಿಲ್ಲ. ಫ್ರೇಮಿನ ಮೇಲೆ ಕೈಯಾಡಿಸಿ, "ಆ ಗೆರೆ ಹೋಯ್ತಾ?" ಅಂತ ಮಾತ್ರ ಕೇಳಿದರು. ಉಜ್ಜುವ ಮೊದಲು ಒಂದು ಫೋಟೊ ಕೂಡ ತೆಗೆದಿರಲಿಲ್ಲ. ಹಳೇ ಸೈಕಲ್ಲಿಗೆ ಬ್ರಷ್ಷಿನಲ್ಲಿ ಆ ಬಂಗಾರದ ಗೆರೆ ಎಳೆಯಬಲ್ಲವರು ಕುಶಾಲನಗರ, ಸೋಮವಾರಪೇಟೆ, ಮಡಿಕೇರಿ ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಸೈಕಲ್ ತೆಗೆದುಕೊಂಡು ನಾನೇ ಬರುತ್ತೇನೆ.