ಮೊದಲ ಬ್ಲಾಗಿಗೆ ಶೇರ್ಡ್ ಹೋಸ್ಟಿಂಗ್: ಮಾರಿಕಣಿವೆ ಕೋಡಿ ಬಿದ್ದಾಗ ಉಳಿದದ್ದು, ಉರುಳಿದ್ದು

ಮೊದಲೇ ಹೇಳಿಬಿಡುತ್ತೇನೆ: ಈ ವಿಮರ್ಶೆಯಲ್ಲಿ ಕಂಪನಿಗಳ ಹೆಸರಿಲ್ಲ. ವೆಬ್ ಹೋಸ್ಟಿಂಗ್ ಎಂದು ಹುಡುಕಿದರೆ ಸಾಲುಸಾಲಾಗಿ ಬರುವ ‘ಅತ್ಯುತ್ತಮ ಹತ್ತು’ ಪಟ್ಟಿಗಳಲ್ಲಿ ಬಹಳಷ್ಟು ಕಮಿಷನ್ ಆಸೆಗೆ ಬರೆದವು. ಅಲ್ಲಿನ ಕೊಂಡಿ ಒತ್ತಿ ನೀವು ಖರೀದಿಸಿದರೆ ಬರೆದವರಿಗೆ ಪಾಲು ಹೋಗುತ್ತದೆ. ಈ ವ್ಯಾಪಾರದಲ್ಲಿ ಪಾಲು ದೊಡ್ಡದು, ಆದ್ದರಿಂದ ಹೊಗಳಿಕೆಯೂ ದೊಡ್ಡದು. ನಾನು ಕೈಯಿಂದ ಹಣ ಕೊಟ್ಟು ಬಳಸಿದ್ದು ಎರಡು ಕಂಪನಿಗಳ ಶೇರ್ಡ್ ಹೋಸ್ಟಿಂಗನ್ನು, ಅಂದರೆ ಹಲವು ತಾಣಗಳು ಹಂಚಿಕೊಳ್ಳುವ ಸರ್ವರಿನಲ್ಲಿ ಬಾಡಿಗೆ ಜಾಗವನ್ನು. ಮೊದಲನೆಯದನ್ನು ಬೈಯುವುದಿದೆ, ಎರಡನೆಯದನ್ನು ಅಳೆದು ಸುರಿದು ಹೊಗಳುವುದಿದೆ. ಬೈಗುಳ ಒಂದು ಕಂಪನಿಗಷ್ಟೇ ಸಲ್ಲುವುದೂ ಅಲ್ಲ. ಅಗ್ಗದ ಯೋಜನೆಗಳ ಜಾಯಮಾನವೇ ಹೆಚ್ಚುಕಡಿಮೆ ಹಾಗೆ.

ನನ್ನ ಊರು ಚಿತ್ರದುರ್ಗ, ಕೆಲಸ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಪಾಠ. ಕೋಟೆಯ ಅಕ್ಕತಂಗಿಯರ ಹೊಂಡ, ಊರೊಳಗಿನ ಸಂತೆಹೊಂಡ, ಚಂದ್ರವಳ್ಳಿಯ ಶಾಸನ, ಜಿಲ್ಲೆಯ ಕೆರೆಕಟ್ಟೆಗಳು ನನ್ನ ಬ್ಲಾಗಿನ ವಿಷಯ. ಗೂಗಲ್‌ನ ಉಚಿತ ಬ್ಲಾಗರ್‌ನಲ್ಲಿ ಬರೆಯುತ್ತಿದ್ದವನು 2020ರಲ್ಲಿ ಶಾಲೆ ಮುಚ್ಚಿದ್ದಾಗ ಸ್ವಂತ ಹೆಸರಿನ ವರ್ಡ್‌ಪ್ರೆಸ್ ತಾಣಕ್ಕೆ ಬಂದೆ. ವರ್ಡ್‌ಪ್ರೆಸ್ 2003ರಿಂದಲೂ ಇರುವ, ಬ್ಲಾಗು, ವೆಬ್ ತಾಣ ನಡೆಸುವ ಉಚಿತ ತಂತ್ರಾಂಶ. ಅದಕ್ಕೆ ಯಾರಿಗೂ ಕಾಸು ಕೊಡಬೇಕಿಲ್ಲ. ಆದರೆ ಅದು ನಡೆಯಲು ಪಿಎಚ್‌ಪಿ (ಪುಟ ಕಟ್ಟುವ ಪ್ರೋಗ್ರಾಂ ಭಾಷೆ) ಮತ್ತು ಮೈಎಸ್‌ಕ್ಯೂಎಲ್ (ಬರಹಗಳನ್ನು ಇಡುವ ಡೇಟಾಬೇಸ್) ಇರುವ, ಹಗಲಿರುಳು ಚಾಲೂ ಇರುವ ಒಂದು ಸರ್ವರ್ ಬೇಕು. ಹೋಸ್ಟಿಂಗ್ ಎಂದರೆ ಆ ಸರ್ವರಿನ ಬಾಡಿಗೆ. ಡೊಮೈನ್ ಎಂದರೆ ತಾಣದ ಹೆಸರಿಗೆ ವರ್ಷ ವರ್ಷ ಕಟ್ಟುವ ನೋಂದಣಿ ಶುಲ್ಕ. ಇವೆರಡು ಬೇರೆ ಬೇರೆ ಎಂಬುದನ್ನು ಮಾರುವವರು ಒತ್ತಿ ಹೇಳುವುದಿಲ್ಲ. ಏಕೆಂಬುದು ಮುಂದೆ ಗೊತ್ತಾಗುತ್ತದೆ.

ಬೆಲೆಯ ಲೆಕ್ಕ ಮೊದಲು ನೋಡೋಣ. ‘ತಿಂಗಳಿಗೆ ಬರೀ 99 ರೂಪಾಯಿ’ ಎಂಬ ಜಾಹೀರಾತು ಇದೆ ಎಂದುಕೊಳ್ಳಿ. 99 ರೂಪಾಯಿ ಕಟ್ಟಿ ಒಂದು ತಿಂಗಳು ನೋಡೋಣ ಎಂದರೆ ಆಗುವುದಿಲ್ಲ. ಆ ದರ ಸಿಗಬೇಕಾದರೆ 48 ತಿಂಗಳ ಹಣವನ್ನು ಒಂದೇ ಗಂಟಿನಲ್ಲಿ ಕಟ್ಟಬೇಕು: 4,752 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 5,607. ಒಂದು ವರ್ಷಕ್ಕೆ ಸಾಕು ಎಂದರೆ ತಿಂಗಳ ದರ ಏರುತ್ತದೆ, ತಿಂಗಳು ತಿಂಗಳು ಕೊಡುತ್ತೇನೆಂದರೆ ಇನ್ನಷ್ಟು ಏರುತ್ತದೆ. ಇಷ್ಟನ್ನು ಹೇಗೋ ಸಹಿಸಬಹುದು. ಸಿಟ್ಟು ಬರಿಸುವುದು ನವೀಕರಣದ ದರ. ಅವಧಿ ಮುಗಿದ ಮೇಲೆ ಬರುವ ಬಿಲ್ಲು ಮೊದಲಿನದರ ಎರಡು ಪಟ್ಟು, ಮೂರು ಪಟ್ಟು ಇರುವುದು ಇಲ್ಲಿ ಮಾಮೂಲು. ಆ ಅಂಕಿಯನ್ನು ಮುಚ್ಚಿಟ್ಟಿರುವುದಿಲ್ಲ. ದೊಡ್ಡ ಬೆಲೆಯ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಕನ್ನಡಕ ಇದ್ದವರಿಗೆ ಕಾಣುತ್ತದೆ. ಆದ್ದರಿಂದ ಯೋಜನೆಗಳನ್ನು ಹೋಲಿಸುವಾಗ ಮೊದಲ ಅವಧಿಯ ದರವನ್ನು ನೋಡಲೇಬೇಡಿ. ನವೀಕರಣದ ದರವನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಲಿಸಿ. ಅಗ್ಗವೆಂದು ಮೇಲೆ ಕಂಡವು ಎಷ್ಟೋ ಸಲ ಕೆಳಗಿಳಿಯುತ್ತವೆ.

ಸುರಕ್ಷತೆಯ ಪ್ರಮಾಣಪತ್ರಕ್ಕೂ, ಅಂದರೆ ಎಸ್‌ಎಸ್‌ಎಲ್‌ಗೂ ಹಣ ಕೇಳುವವರಿದ್ದಾರೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತಿದೆ; ತಾನಾಗಿ ನವೀಕರಣಗೊಳ್ಳುವ ವ್ಯವಸ್ಥೆಯನ್ನು ಹೋಸ್ಟಿಂಗ್‌ನವರು ಜೋಡಿಸಿಟ್ಟರೆ ಸಾಕು. ಬ್ಲಾಗಿಗೆ ಎಸ್‌ಎಸ್‌ಎಲ್ ಪ್ರತ್ಯೇಕವಾಗಿ ಮಾರುವ ಕಂಪನಿಯನ್ನು ಅಲ್ಲಿಗೇ ಕೈಬಿಡಬಹುದು.

ಇನ್ನು ‘ಅನ್‌ಲಿಮಿಟೆಡ್ ಸ್ಟೋರೇಜ್’. ಇದು ಖಾನಾವಳಿಯ ಅನ್‌ಲಿಮಿಟೆಡ್ ಊಟದ ಹಾಗೆ: ಅನ್ನ ಸಾರು ಬೇಕಾದಷ್ಟು, ಹೋಳಿಗೆ ಮಾತ್ರ ಒಂದೇ. ಇಲ್ಲಿ ಎಣಿಸಿ ಬಡಿಸುವುದು ಐನೋಡ್‌ಗಳನ್ನು, ಅಂದರೆ ನಿಮ್ಮ ಖಾತೆಯಲ್ಲಿರಬಹುದಾದ ಕಡತಗಳ ಸಂಖ್ಯೆಯನ್ನು. ಕೋಟೆಯ ಒಂದು ಫೋಟೊವನ್ನು ಮೊಬೈಲಿನಿಂದ ಹಾಗೆಯೇ ಏರಿಸಿದರೆ ವರ್ಡ್‌ಪ್ರೆಸ್ ಅದನ್ನು ಒಂದಾಗಿ ಇಡುವುದಿಲ್ಲ. 150 ಪಿಕ್ಸೆಲ್‌ನ ಚಿಕ್ಕಚಿತ್ರ, ನಂತರ 300, 768, 1024, 1536, 2048, ಮೇಲೆ 2560ಕ್ಕೆ ಇಳಿಸಿದ್ದು, ಕೊನೆಗೆ ಮೂಲಚಿತ್ರ. ಒಂದು ಫೋಟೊ ಎಂದರೆ ಎಂಟು ಕಡತ. ಥೀಮ್, ಅಂದರೆ ತಾಣದ ವಿನ್ಯಾಸದ ಅಚ್ಚು, ತನ್ನದೇ ಅಳತೆ ಸೇರಿಸಿದರೆ ಇನ್ನೂ ಹೆಚ್ಚು. ಚಿತ್ರ ಹೆಚ್ಚಿರುವ ಬ್ಲಾಗು ಜಾಗ ತುಂಬುವ ಮೊದಲೇ ಎಣಿಕೆಯ ಗಡಿ ಮುಟ್ಟಬಹುದು. ನನ್ನ ಮೊದಲ ಕಂಪನಿ ಆ ಗಡಿ ದಾಟಿದ ಖಾತೆಗಳ ಬ್ಯಾಕಪ್ಪನ್ನು ಸದ್ದಿಲ್ಲದೆ ನಿಲ್ಲಿಸುತ್ತಿತ್ತು. ಷರತ್ತುಗಳ ಪುಟದಲ್ಲಿ ಹಾಗೆಂದು ಬರೆದೂ ಇತ್ತು. ಜಾಗ ಹತ್ತು ಜಿಬಿ ಎಂದು ಸ್ಪಷ್ಟವಾಗಿ ಹೇಳುವ ಯೋಜನೆ ಅನ್‌ಲಿಮಿಟೆಡ್‌ಗಿಂತ ಎಷ್ಟೋ ವಾಸಿ.

ನಿಜವಾದ ಪರೀಕ್ಷೆ ನಡೆದದ್ದು 2022ರ ಸೆಪ್ಟೆಂಬರ್‌ನಲ್ಲಿ. ವಾಣಿ ವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷದ ಮೇಲೆ! ಜಿಲ್ಲೆಗೆ ಜಿಲ್ಲೆಯೇ ಅತ್ತ ಹೊರಟಿತ್ತು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟಿನ ಕುರಿತು ನನ್ನದೊಂದು ಹಳೆಯ ಬರಹವಿತ್ತು. ಅದು ಹಿರಿಯೂರು, ಚಿತ್ರದುರ್ಗ, ದಾವಣಗೆರೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಲು ಶುರುವಾಯಿತು. ಅಲ್ಲಿ ಅಣೆಕಟ್ಟು ತುಂಬಿ ಹರಿಯುತ್ತಿದ್ದರೆ ಇಲ್ಲಿ ನನ್ನ ತಾಣ ಬತ್ತಿ ಕುಳಿತಿತ್ತು. ಬಿಳಿ ಪುಟ, ಅದರ ಮೇಲೆ 508 ಎಂಬ ಅಂಕಿ, ಸಂಪನ್ಮೂಲದ ಮಿತಿ ಮುಗಿದಿದೆ ಎಂಬ ಒಂದು ಸಾಲು.

ಆಗಿದ್ದಿಷ್ಟೆ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೇ ಸರ್ವರಿನ ಮೇಲೆ ನೂರಾರು ತಾಣಗಳಿರುತ್ತವೆ. ಒಬ್ಬರು ಎಲ್ಲರ ಪಾಲು ನುಂಗದಿರಲೆಂದು ಪ್ರತಿ ಖಾತೆಗೂ ಪ್ರೊಸೆಸರ್, ಮೆಮೊರಿ ಮತ್ತು ಏಕಕಾಲಕ್ಕೆ ನಡೆಯುವ ಪ್ರಕ್ರಿಯೆಗಳಿಗೆ ಮಿತಿ ಹಾಕಿರುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಪುಟ ಸಿದ್ಧವಾಗಿ ಕುಳಿತಿರುವುದಿಲ್ಲ. ಓದುಗರು ಬಂದಾಗಲೆಲ್ಲ ಪಿಎಚ್‌ಪಿ ಎದ್ದು, ಡೇಟಾಬೇಸ್ ಕೆದಕಿ, ಪುಟವನ್ನು ಹೊಸದಾಗಿ ಕಟ್ಟಿ ಕೊಡುತ್ತದೆ. ದಿನಕ್ಕೆ ಐವತ್ತು ಜನ ಬರುವಾಗ ಇದು ಗೊತ್ತೇ ಆಗುವುದಿಲ್ಲ. ಒಂದೇ ನಿಮಿಷದಲ್ಲಿ ಐವತ್ತು ಜನ ನುಗ್ಗಿದರೆ ಬಾಗಿಲು ಮುಚ್ಚುತ್ತದೆ.

ಸಹಾಯವಾಣಿಯ ಚಾಟ್‌ನಲ್ಲಿ ಬಂದ ಉತ್ತರ ಇಂದಿಗೂ ನೆನಪಿದೆ. ನನ್ನ ತಾಣ ಜನಪ್ರಿಯವಾಗುತ್ತಿರುವುದಕ್ಕೆ ಅಭಿನಂದನೆ, ದಯವಿಟ್ಟು ಮೇಲಿನ ಯೋಜನೆಗೆ ಬನ್ನಿ, ಇಗೋ ಕೊಂಡಿ. ಅಷ್ಟೆ. ದಾವಣಗೆರೆಯಲ್ಲಿ ವೆಬ್ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನ್ ಮಾಡಿದೆ. “ಸರ್, ಮೇಲಿನ ಪ್ಲಾನ್ ಬೇಡ. ನಿಮ್ಮ ಬರಹ ದಿನಕ್ಕೊಂದು ಬಗೆಯಾಗಿ ಬದಲಾಗುವುದಿಲ್ಲವಲ್ಲ, ಕ್ಯಾಶ್ ಪ್ಲಗಿನ್ ಹಾಕಿಬಿಡಿ” ಎಂದ. ಪ್ಲಗಿನ್ ಎಂದರೆ ವರ್ಡ್‌ಪ್ರೆಸ್‌ಗೆ ಸೇರಿಸುವ ಪುಟ್ಟ ತಂತ್ರಾಂಶ. ಕ್ಯಾಶ್ ಇದ್ದರೆ ಒಮ್ಮೆ ಕಟ್ಟಿದ ಪುಟವನ್ನು ಎಚ್‌ಟಿಎಂಎಲ್ ಕಡತವಾಗಿ ಉಳಿಸಿಟ್ಟುಕೊಂಡು ಮುಂದೆ ಬಂದವರಿಗೆಲ್ಲ ಅದನ್ನೇ ಕೊಡುತ್ತದೆ. ಪಿಎಚ್‌ಪಿಗೂ ಡೇಟಾಬೇಸಿಗೂ ಕೆಲಸವಿಲ್ಲ. ಉಚಿತ ಪ್ಲಗಿನ್, ಸಂಜೆಯ ಹೊತ್ತಿಗೆ ಅದೇ ಅಗ್ಗದ ಯೋಜನೆಯಲ್ಲಿ ತಾಣ ಎದ್ದು ನಿಂತಿತು. ಎರಡೇ ವಾಕ್ಯದ ಈ ಮಾತನ್ನು ಹೇಳದೆ ಹೆಚ್ಚಿನ ಯೋಜನೆ ಮಾರಲು ಬಂದ ಆ ಚಾಟ್‌ಗಾಗಿಯೇ ಮೊದಲ ಕಂಪನಿಗೆ ನಾನು ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ.

2023ರಲ್ಲಿ ನವೀಕರಣದ ಬಿಲ್ಲು ಮೂರು ಪಟ್ಟಾಗಿ ಬಂತು. ಹೊರಟೆ. ಹೊರಡುವುದು ಸುಲಭವಾದದ್ದು ಏಕೆಂದರೆ ಡೊಮೈನ್ ಆ ಕಂಪನಿಯ ಕೈಯಲ್ಲಿರಲಿಲ್ಲ. ‘ಮೊದಲ ವರ್ಷ ಡೊಮೈನ್ ಉಚಿತ’ ಎಂಬ ಕೊಡುಗೆಯನ್ನು ಬಿಟ್ಟು, ಬೇರೊಂದು ನೋಂದಣಿದಾರರ ಬಳಿ ಹಣ ಕೊಟ್ಟು ಹೆಸರು ಕೊಂಡಿದ್ದೆ. ಹಾಗಿದ್ದರೆ ಮನೆ ಬದಲಿಸುವಾಗ ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ತಿಳಿಸುವ ನೇಮ್‌ಸರ್ವರ್‌ನ ಎರಡು ಸಾಲು ತಿದ್ದಿದರೆ ಮುಗಿಯಿತು. ಎರಡೂ ಒಂದೇ ಕಡೆ ಇದ್ದ ನನ್ನ ಸಹೋದ್ಯೋಗಿಯೊಬ್ಬರು ಡೊಮೈನನ್ನು ಬೇರೆ ಕಡೆಗೆ ಒಯ್ಯಲು ಬೇಕಾದ ವರ್ಗಾವಣೆಯ ಸಂಕೇತಕ್ಕಾಗಿ ಪತ್ರದ ಮೇಲೆ ಪತ್ರ ಬರೆಯಬೇಕಾಯಿತು. ಡಾಟ್ ಕಾಮ್‌ನಂಥ ಹೆಸರುಗಳಿಗೆ, ಕೇಳಿದ ಐದು ದಿನದೊಳಗೆ ಆ ಸಂಕೇತ ಕೊಡಬೇಕೆಂದು ಡೊಮೈನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಐಕಾನ್‌ನ ನಿಯಮವಿದೆ. ಅದನ್ನು ಉಲ್ಲೇಖಿಸಿದ ಮೇಲೆ ಬಂತು. ಆರಂಭಿಕರಿಗೆ ನಾನು ಹೇಳುವುದು ಒಂದಿದ್ದರೆ ಇದೇ: ಒಳಗೆ ಬರಲು ಎಷ್ಟು ಎಂದು ಕೇಳುವ ಮೊದಲು ಹೊರಗೆ ಹೋಗುವುದು ಹೇಗೆ ಎಂದು ಕೇಳಿ. ವೇಗ, ಜಾಗ, ಬಣ್ಣದ ಕಂಟ್ರೋಲ್ ಪ್ಯಾನೆಲ್ ಎಲ್ಲ ಆಮೇಲೆ.

ಎರಡನೆಯ ಕಂಪನಿಗೆ ಆರಂಭದ ರಿಯಾಯಿತಿಯೇ ಇಲ್ಲ. ಮೊದಲ ವರ್ಷದ ದರವೇ ನಂತರವೂ. ಸರ್ವರ್ ಮುಂಬೈಯಲ್ಲಿದೆ, ಮೊದಲಿನದು ಅಮೆರಿಕದಲ್ಲಿತ್ತು. ಇಲ್ಲಿಂದ ಅಮೆರಿಕಕ್ಕೆ ಒಂದು ಸಂದೇಶ ಹೋಗಿ ಬರಲು ಹತ್ತಿರ ಹತ್ತಿರ ಕಾಲು ಸೆಕೆಂಡು. ಪುಟದ ಮೊದಲ ಅಕ್ಷರ ಬರುವ ಮೊದಲು ಅಂಥ ಹಲವು ಓಡಾಟಗಳಾಗುತ್ತವೆ. ಓದುಗರೆಲ್ಲ ಕರ್ನಾಟಕದಲ್ಲಿರುವಾಗ ಸರ್ವರ್ ಸಾಗರದಾಚೆ ಇರುವುದರಲ್ಲಿ ಅರ್ಥವಿಲ್ಲ.

ಆದರೆ ಇವರ ‘ಉಚಿತ ಸ್ಥಳಾಂತರ’ದಲ್ಲಿ ನಡೆದದ್ದನ್ನು ಕನ್ನಡದಲ್ಲಿ ಬರೆಯುವವರು ಕೇಳಲೇಬೇಕು. ಕೆಲಸ ಮುಗಿದಿದೆ ಎಂಬ ಸಂದೇಶ ಬಂತು. ತಾಣ ತೆರೆದರೆ ವಿನ್ಯಾಸ, ಫೋಟೊ, ಮೆನು ಎಲ್ಲ ಸರಿ. ಬರಹ ಇರಬೇಕಾದ ಜಾಗದಲ್ಲಿ ಮಾತ್ರ ತಲೆಯ ಮೇಲೆ ಓರೆಗೆರೆ ಹೊತ್ತ ಲ್ಯಾಟಿನ್ ‘ಎ’, ಅದರ ಪಕ್ಕ ಮೇಲಕ್ಕೆ ಹತ್ತಿ ಕುಳಿತ ಪುಟ್ಟ 2 ಅಥವಾ 3, ಮತ್ತೆ ‘ಎ’, ಮತ್ತೆ 2. ಪುಟದುದ್ದಕ್ಕೂ ಅದೇ. ಚಾಟ್‌ನಲ್ಲಿದ್ದ ವ್ಯಕ್ತಿಗೆ ಕನ್ನಡ ಬಾರದು. ತಾಣ ಸರಿಯಾಗಿಯೇ ತೆರೆಯುತ್ತಿದೆ ಎಂದು ವಾದಿಸಿದರು. ಹಳೆಯ ಪುಟದ ಚಿತ್ರವನ್ನೂ ಹೊಸದರ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಕಳುಹಿಸಿದ ಮೇಲೆ ಒಪ್ಪಿದರು.

ಕಾರಣ ಇದು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಮೂರು ಬೈಟ್ ಬೇಕು, ಮತ್ತು ಎಲ್ಲವೂ ಒಂದೇ ಬೈಟ್‌ನಿಂದ ಆರಂಭವಾಗುತ್ತವೆ. ಡೇಟಾಬೇಸನ್ನು ಇಳಿಸುವಾಗಲೋ ಏರಿಸುವಾಗಲೋ ಯಾರಾದರೂ ಅದನ್ನು ಲ್ಯಾಟಿನ್-1 (ಅಕ್ಷರಕ್ಕೆ ಒಂದೇ ಬೈಟ್ ಬಳಸುವ ಹಳೆಯ ಪದ್ಧತಿ) ಎಂದು ಓದಿಸಿದರೆ ಆ ಮೂರು ಬೈಟ್‌ಗಳು ಮೂರು ಬೇರೆ ಬೇರೆ ಅಕ್ಷರಗಳಾಗಿ ಒಡೆಯುತ್ತವೆ. ಹೀಗೆ ಒಡೆದದ್ದನ್ನು ಮರಳಿ ಜೋಡಿಸಬಹುದು. ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್-8ರ ಹೆಸರು) ಎಂದು ಗೊತ್ತುಪಡಿಸಿ ಮತ್ತೊಮ್ಮೆ ಏರಿಸಿದಾಗ ನನ್ನ ಮದಕರಿ ನಾಯಕ, ಒನಕೆ ಓಬವ್ವ ಎಲ್ಲ ಮರಳಿ ಬಂದರು. ಆದರೆ ಪುಟದ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಆ ಪ್ರತಿಯಲ್ಲಿ ಅಕ್ಷರಗಳು ಅಳಿದೇ ಹೋಗಿವೆ ಎಂದರ್ಥ. ಮೂಲ ಬ್ಯಾಕಪ್ ಒಂದೇ ಗತಿ. ಹೊಸ ತಾಣದಲ್ಲಿ ಎಲ್ಲವನ್ನೂ ಕಣ್ಣಾರೆ ಓದಿ ನೋಡುವವರೆಗೆ ಹಳೆಯ ಖಾತೆಯನ್ನು ರದ್ದು ಮಾಡಬೇಡಿ.

ಇದೇ ಮೂರು ಬೈಟ್‌ಗಳ ಇನ್ನೊಂದು ಕಿತಾಪತಿ ಪುಟದ ವಿಳಾಸದಲ್ಲಿದೆ, ಹೋಸ್ಟಿಂಗ್ ಯಾವುದಾದರೂ ಇದು ತಪ್ಪಿದ್ದಲ್ಲ. ವಿಳಾಸದಲ್ಲಿ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗಿ ಬದಲಾಗುವುದರಿಂದ ಕನ್ನಡದ ಒಂದು ಅಕ್ಷರಕ್ಕೆ ಒಂಬತ್ತು ಜಾಗ. ವರ್ಡ್‌ಪ್ರೆಸ್ ಕೊಡುವುದು 200 ಜಾಗ. ‘ಚಿತ್ರದುರ್ಗದ ಅಕ್ಕತಂಗಿಯರ ಹೊಂಡ’ ಎಂದು ಶೀರ್ಷಿಕೆ ಕೊಟ್ಟರೆ ವಿಳಾಸ ‘ಹ’ ಎಂಬಲ್ಲಿಗೆ ತುಂಡಾಗುತ್ತದೆ. ಒತ್ತು, ಗುಣಿತಗಳಿಗೂ ಒಂದೊಂದು ಲೆಕ್ಕ. ವಾಟ್ಸ್‌ಆ್ಯಪ್‌ಗೆ ಹಾಕಿದರೆ ಆರು ಸಾಲು ಶೇಕಡಾ ಚಿಹ್ನೆ. ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡಿ. ಅಭಿಮಾನದ ಪ್ರಶ್ನೆ ಮಾಡಿಕೊಳ್ಳುವ ಜಾಗ ಇದಲ್ಲ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು, ಅದೇ ಬರಹ ಮತ್ತೆ ಓಡಾಡಿತು. ಈ ಸಲ ತಾಣ ಕದಲಲಿಲ್ಲ. ಶ್ರೇಯಸ್ಸಿನ ಅರ್ಧ ಕ್ಯಾಶ್‌ಗೆ, ಇನ್ನರ್ಧ ಮಿತಿಗಳನ್ನು ಮೊದಲೇ ಬಾಯಿಬಿಟ್ಟು ಹೇಳಿದ ಹೊಸ ಕಂಪನಿಗೆ. ನಾಲ್ಕು ನಕ್ಷತ್ರ. ಐದನೆಯದನ್ನು ಹಿಡಿದಿಟ್ಟುಕೊಂಡದ್ದಕ್ಕೆ ಆ ಸ್ಥಳಾಂತರ ಒಂದು ಕಾರಣ, ಇಮೇಲ್ ಇನ್ನೊಂದು: ತಾಣದ ಸಂಪರ್ಕ ಫಾರ್ಮ್‌ನಿಂದ ಬರುವ ಪತ್ರಗಳು, ಪತ್ರ ಅಸಲಿಯೆಂದು ದೃಢಪಡಿಸುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳನ್ನು ನಾನೇ ಸೇರಿಸುವವರೆಗೂ ಸ್ಪ್ಯಾಮ್‌ಗೇ ಬೀಳುತ್ತಿದ್ದವು. ಇವರ ಬ್ಯಾಕಪ್ ಚೆನ್ನಾಗಿದೆ. ಆದರೂ ವಾರಕ್ಕೊಮ್ಮೆ ಅಪ್‌ಡ್ರಾಫ್ಟ್‌ಪ್ಲಸ್ ಎಂಬ ಬ್ಯಾಕಪ್ ಪ್ಲಗಿನ್ ನನ್ನ ಗೂಗಲ್ ಡ್ರೈವ್‌ಗೆ ಒಂದು ಪ್ರತಿ ಕಳುಹಿಸುತ್ತದೆ. ಬ್ಲಾಗ್ ಒಂದಕ್ಕೆ ಅಲ್ಲಿನ ಉಚಿತ 15 ಜಿಬಿ ಧಾರಾಳ.

ಹಣ ಕಟ್ಟುವ ಬಗ್ಗೆ ಒಂದು ಮಾತು. ಕಾರ್ಡಿನಿಂದ ತಾನಾಗಿ ಕಡಿತವಾಗುವ ಪಾವತಿಗಳಿಗೆ ಆರ್‌ಬಿಐ 2021ರ ಅಕ್ಟೋಬರ್‌ನಿಂದ ಬಿಗಿ ನಿಯಮ ತಂದಿದೆ. ಅದಕ್ಕೆ ಹೊಂದಿಕೊಳ್ಳದ ಕಂಪನಿಯ ಪುಟದಲ್ಲಿ ‘ಆಟೊ ರಿನ್ಯೂ’ ಚಾಲೂ ಇದ್ದರೂ ಬ್ಯಾಂಕ್ ಹಣ ಬಿಡುವುದಿಲ್ಲ. ಹೋಸ್ಟಿಂಗ್ ತಡವಾದರೆ ತಾಣ ಕೆಲವು ದಿನ ನಿಲ್ಲುತ್ತದೆ, ಡೊಮೈನ್ ತಡವಾಗಿ ಕೈತಪ್ಪಿದರೆ ಹೆಸರೇ ಹೋಗಬಹುದು. ಯುಪಿಐಯಲ್ಲಿ ಕೈಯಾರೆ ಕಟ್ಟುವ ಅನುಕೂಲ ಇರುವವರನ್ನು ಆರಿಸಿಕೊಂಡೆ.

ಬರೆಯುವ ಹುರುಪು ಎಷ್ಟು ದಿನ ಇರುತ್ತದೋ ಗೊತ್ತಿಲ್ಲದವರಿಗೆ ಬ್ಲಾಗರ್ ಸಾಕು; ಸ್ವಂತ ಡೊಮೈನನ್ನು ಅದಕ್ಕೂ ಜೋಡಿಸಬಹುದು. ದಾವಣಗೆರೆಯ ಎಂಜಿನಿಯರಿಂಗ್ ಹುಡುಗರು ವಿಪಿಎಸ್ (ನಾವೇ ನಿಭಾಯಿಸಬೇಕಾದ ಪ್ರತ್ಯೇಕ ವರ್ಚುವಲ್ ಸರ್ವರ್) ತೆಗೆದುಕೊಳ್ಳಿ ಎಂದು ನನ್ನಂಥವರಿಗೆ ಸಲಹೆ ಕೊಡುತ್ತಿರುತ್ತಾರೆ. ಕಲಿಯುವವರಿಗೆ ಅದು ಒಳ್ಳೆಯದೇ. ಆದರೆ ಅಲ್ಲಿ ಆಪರೇಟಿಂಗ್ ಸಿಸ್ಟಂನ ಅಪ್‌ಡೇಟ್, ಫೈರ್‌ವಾಲ್, ಡೇಟಾಬೇಸ್ ಎಲ್ಲ ನಿಮ್ಮದೇ ತಲೆನೋವು, ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಎಬ್ಬಿಸಬೇಕಾದವರೂ ನೀವೇ. ಬೆಳಗ್ಗೆ ಹತ್ತನೇ ತರಗತಿಗೆ ಪಾಠ ಇರುವವರಿಗೆ ಶೇರ್ಡ್ ಹೋಸ್ಟಿಂಗೇ ಸರಿ.