ಮಂಡಿ ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ‘ಮನೆಗೇ ಬಂದು ನೋಡಿಕೊಳ್ಳುತ್ತೇವೆ’ ಎನ್ನುವವರ ಕೈಗೆ ಒಪ್ಪಿಸುವ ಮುನ್ನ ಇದನ್ನು ಓದಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಆದರೂ ನನ್ನಂತೆಯೇ ರಜೆ ಮುಗಿದು, ಹಗಲು ಹೊತ್ತಿನಲ್ಲಿ ನಾಯಿಯನ್ನು ಯಾರಿಗೆ ಒಪ್ಪಿಸುವುದೆಂದು ತಿಳಿಯದೆ ಮೊಬೈಲಿನಲ್ಲಿ ಹುಡುಕುತ್ತಿರುವವರು ಇದ್ದೇ ಇರುತ್ತಾರೆಂದು ಬರೆಯುತ್ತಿದ್ದೇನೆ.

ನಮ್ಮ ಜಾನು ಆರು ವರ್ಷದ ಲ್ಯಾಬ್ರಡಾರ್, ತೂಕ 34 ಕಿಲೋ. ಹಿಂಗಾಲಿನ ಮಂಡಿಯ ಲಿಗಮೆಂಟ್ ಹರಿದು ಟಿಪಿಎಲ್‌ಒ ಮಾಡಿಸಿದೆವು. ಮಂಡಿಯ ಕೆಳಗಿನ ಮೂಳೆಯ ಮೇಲ್ತುದಿಯನ್ನು ಕತ್ತರಿಸಿ, ತಿರುಗಿಸಿ, ಪ್ಲೇಟು ಮತ್ತು ಸ್ಕ್ರೂಗಳಿಂದ ಕೂರಿಸುವ ಶಸ್ತ್ರಚಿಕಿತ್ಸೆ ಅದು. ಆ ಮೂಳೆ ಕೂಡಿಕೊಳ್ಳಲು 8ರಿಂದ 12 ವಾರ ಬೇಕು. ಅಲ್ಲಿಯವರೆಗೆ ಓಟವಿಲ್ಲ, ಮೆಟ್ಟಿಲಿಲ್ಲ, ಸೋಫಾ ಹತ್ತುವಂತಿಲ್ಲ. ಮೂತ್ರಕ್ಕೆ ಕರೆದೊಯ್ಯುವಾಗಲೂ ಬೆಲ್ಟು ಬಿಚ್ಚದೆ, ಹೊಟ್ಟೆಯಡಿ ಟವೆಲ್ ಹಾಕಿ ಹಿಡಿದುಕೊಂಡು, ಐದು ನಿಮಿಷದಲ್ಲಿ ಒಳಗೆ ಕರೆತರಬೇಕು. ಗ್ರಾನೈಟ್ ನೆಲದಲ್ಲಿ ಕಾಲು ಜಾರಬಾರದೆಂದು ಮನೆಯಲ್ಲಿದ್ದ ಜಮಖಾನಗಳನ್ನೆಲ್ಲ ಹಾಸಿದ್ದೆವು. ಡಾಕ್ಟರು ಹೇಳಿದ್ದಷ್ಟನ್ನೂ ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ.

“ಆಪರೇಷನ್ ಆದ ನಾಯಿಗಳನ್ನೇ ನೋಡ್ಕೊಳ್ಳೋದು ಮೇಡಂ ನಮ್ಮ ಕೆಲಸ” ಎಂದು, ಮನೆಗೇ ಬಂದು ನಾಯಿ ನೋಡಿಕೊಳ್ಳುವ ಒಂದು ಸಂಸ್ಥೆಯವರು ಫೋನಿನಲ್ಲಿ ಹೇಳಿದರು. ದಿನಕ್ಕೆ 1,200 ರೂಪಾಯಿಯಂತೆ 14 ದಿನಕ್ಕೆ 16,800 ರೂಪಾಯಿ. ಪೂರ್ತಿ ಮುಂಗಡ ಕೊಟ್ಟೆ. ಹೌದು, ಪೂರ್ತಿ. ಬರುವ ಹುಡುಗ ಯಾವ ಪಶುವೈದ್ಯರ ಬಳಿ ಕಲಿತವನೆಂದು ಒಂದು ಮಾತು ಕೇಳಲಿಲ್ಲ.

ಪ್ರತಿದಿನ ಹನ್ನೊಂದು ಗಂಟೆಗೆ ಫೋಟೋ ಬರುತ್ತಿತ್ತು. ಜಾನು ಜಮಖಾನದ ಮೇಲೆ ತಣ್ಣಗೆ ಮಲಗಿರುತ್ತಿದ್ದಳು. ನಾನು ಆಫೀಸಿನಲ್ಲಿ ಅದನ್ನು ನೋಡಿ ನೆಮ್ಮದಿಯಿಂದಿದ್ದೆ. ಎಂಟನೆಯ ದಿನ ಸಂಜೆ ಮೇಲ್ಮನೆಯ ಆಂಟಿ ಗೇಟಿನ ಬಳಿ ಸಿಕ್ಕಿ, “ಎಷ್ಟು ಬೇಗ ಹುಷಾರಾದ್ಲಮ್ಮ ನಿಮ್ಮ ಜಾನು! ಟೆರೇಸಿನಲ್ಲಿ ಚೆಂಡಿನ ಹಿಂದೆ ಏನು ಓಡ್ತಾಳೆ!” ಎಂದು ಸಂತೋಷದಿಂದ ಹೇಳಿದರು. ನನಗೆ ಮಾತೇ ಹೊರಡಲಿಲ್ಲ. ಮೂರು ಮಹಡಿಗಳ ಮೆಟ್ಟಿಲು. ಚೆಂಡು. ಬೆಲ್ಟಿಲ್ಲದೆ. ಅಲ್ಲಿಯೇ ನಿಂತು ಫೋಟೋಗಳನ್ನು ತೆರೆದೆ. ನಾಲ್ಕನೆಯ ದಿನ ರಾತ್ರಿಯೇ ನಾವು, ಗಾಯ ನೆಕ್ಕದಿರಲೆಂದು ಅವಳ ಕೊರಳಿಗೆ ಹಾಕಿದ್ದ ಪ್ಲಾಸ್ಟಿಕ್ ಕೋನ್ ತೆಗೆದು ಬಟ್ಟೆಯದನ್ನು ಹಾಕಿದ್ದೆವು. ಐದು, ಆರು, ಏಳು, ಎಂಟನೆಯ ದಿನದ ಫೋಟೋಗಳಲ್ಲೂ ಪ್ಲಾಸ್ಟಿಕ್ಕೇ ಇತ್ತು. ಎಲ್ಲವೂ ಮೊದಲ ದಿನವೇ ತೆಗೆದಿಟ್ಟುಕೊಂಡ ಫೋಟೋಗಳು. ನಾಲ್ಕು ದಿನ ಅದು ನನ್ನ ಕಣ್ಣಿಗೇ ಬೀಳಲಿಲ್ಲವಲ್ಲ ಎಂಬುದು ಈಗಲೂ ನನ್ನನ್ನು ಸುಡುತ್ತಿದೆ.

ಮನೆಯೊಳಗೆ ಹೋದರೆ ಜಾನು ಆ ಕಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಕಸದ ಬುಟ್ಟಿಯಲ್ಲಿ ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆಯ ಖಾಲಿ ಪಟ್ಟಿಯಿತ್ತು. ಹುಡುಗನಿಗೆ ಫೋನ್ ಮಾಡಿದರೆ, “ಎರಡು ದಿನದಿಂದ ಕುಂಟ್ತಿತ್ತು ಮೇಡಂ, ಅದಕ್ಕೆ ಕೊಟ್ಟೆ, ನಾವೂ ತಗೊಳ್ಳೋ ಮಾತ್ರೆನೇ ಅಲ್ವಾ” ಎಂದ. ಮನುಷ್ಯರ ಆ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಲ್ಲದು, ಮೂತ್ರಪಿಂಡವನ್ನು ಕೆಡಿಸಬಲ್ಲದು. ಸಾಲದ್ದಕ್ಕೆ, ಅವಳಿಗೆ ಡಾಕ್ಟರು ಬರೆದಿದ್ದ ಅದೇ ಬಗೆಯ ನೋವಿನ ಔಷಧಿ ಮೆಲಾಕ್ಸಿಕ್ಯಾಮ್ ಆಗಲೇ ನಡೆಯುತ್ತಿತ್ತು. ಮರುದಿನ ಬೆಳಿಗ್ಗೆ ಅವಳ ಮಲ ಡಾಂಬರಿನಂತೆ ಕಪ್ಪಾಗಿತ್ತು. ಆಸ್ಪತ್ರೆಗೆ ಓಡಿದೆವು. ಎರಡು ದಿನ ಡ್ರಿಪ್. ಎಕ್ಸ್-ರೇಯಲ್ಲಿ ಒಂದು ಸ್ಕ್ರೂ ಸಡಿಲಗೊಂಡಿರುವುದು ಕಂಡಿತು.

ಆ ಸಂಸ್ಥೆಯ ಯಜಮಾನರ ಉತ್ತರಗಳನ್ನು ನಾನು ಮರೆಯಲಾರೆ. ಮೊದಲು, “ನಾಯಿಗಳು ಓಡಾಡಿದ್ರೇನೇ ಗುಣ ಆಗೋದು ಮೇಡಂ.” ಆಮೇಲೆ, “ಆಪರೇಷನ್ನೇ ಸರಿಯಾಗಿ ಆಗಿಲ್ಲ, ಅವರನ್ನು ಕೇಳಿ.” ಹಣ ಕೇಳಿದಾಗ, “ಮುಂಗಡ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ.” ಎಕ್ಸ್-ರೇ ಚಿತ್ರ ಕಳುಹಿಸಿದ ಮೇಲೆ ನನ್ನ ನಂಬರನ್ನೇ ತಡೆಹಿಡಿದರು. ಕ್ಷಮಿಸಿ ಎಂಬ ಒಂದು ಪದವೂ ಬರಲಿಲ್ಲ.

ದಯವಿಟ್ಟು ಮುಂಗಡ ಕೊಡಬೇಡಿ, ದಿನದ ಲೆಕ್ಕದಲ್ಲಿ ಕೊಡಿ. ಫೋಟೋ ನಂಬಬೇಡಿ, ಅನಿರೀಕ್ಷಿತವಾಗಿ ವಿಡಿಯೋ ಕರೆ ಮಾಡಿ. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರನ್ನೇ ಕೇಳಿ, ಅವರು ಬಲ್ಲವರನ್ನೇ ಕರೆಸಿ. ಯಾರೂ ಸಿಗದಿದ್ದರೆ ರಜೆ ಹಾಕಿ. ನಾನು ಈಗ ಹಾಕಿರುವುದು ಸಂಬಳವಿಲ್ಲದ ರಜೆ.

ಜಾನು ಹಾಲಿನ ಮೂಲೆಯಲ್ಲಿ, ಮೂರು ಕಡೆ ಅಡ್ಡ ಕಟ್ಟಿದ ಜಾಗದೊಳಗೆ ಮಲಗಿದ್ದಾಳೆ. ನಾಲ್ಕು ವಾರದ ನಂತರ ಇನ್ನೊಂದು ಎಕ್ಸ್-ರೇ ಇದೆ. ಪ್ಲೇಟು ಕದಲಿದ್ದರೆ ಅದೇ ಕಾಲನ್ನು ಮತ್ತೆ ಕೊಯ್ಯಬೇಕಾಗುತ್ತದೆ ಎಂದಿದ್ದಾರೆ ಡಾಕ್ಟರು.